ಅಪ್ಪ-ಅಮ್ಮನ ಹೆಸರಲ್ಲಿ ಅಚ್ಚಾದ ಸುರುಳಿ

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಒಂದು ಕಾಗದದ ಸುರುಳಿ ಇದೆ. ಬಿಚ್ಚಿದರೆ ಸುಮಾರು 5 ಮೀಟರ್ ಉದ್ದ. ಮೊದಲ ಹಾಳೆಯಲ್ಲಿ ಬುದ್ಧ ಕೂತಿದ್ದಾನೆ. ವಯಸ್ಸಾದ ಶಿಷ್ಯ ಸುಭೂತಿ ಮಂಡಿಯೂರಿ ಏನನ್ನೋ ಕೇಳುತ್ತಿದ್ದಾನೆ. ಕೊನೆಯಲ್ಲೊಂದು ಸಾಲು: ವಾಂಗ್ ಜೀ ಎಂಬಾತ ತನ್ನ ತಂದೆತಾಯಿಯ ಹೆಸರಲ್ಲಿ, ಎಲ್ಲರಿಗೂ ಪುಕ್ಕಟೆ ಹಂಚಲೆಂದು ಇದನ್ನು ಮಾಡಿಸಿದ. ತಾರೀಖೂ ಇದೆ. ಈಗಿನ ಲೆಕ್ಕದಲ್ಲಿ ಅದು ಕ್ರಿ.ಶ. 868ರ ಮೇ 11. ತಾರೀಖು ಸಮೇತ ಉಳಿದಿರುವ ಇಡೀ ಮುದ್ರಿತ ಪುಸ್ತಕಗಳಲ್ಲಿ ಇದೇ ಹಳೆಯದು. ಯುರೋಪಿನಲ್ಲಿ ಅಚ್ಚಿನ ಯಂತ್ರ ತಂದ ಗುಟೆನ್‌ಬರ್ಗ್ ಹುಟ್ಟಿದ್ದು ಇದಾಗಿ ಐದು ಶತಮಾನ ಕಳೆದ ಮೇಲೆ.

ಪುಸ್ತಕ ನಮ್ಮ ಕಡೆಯಿಂದಲೇ ಹೋದ ಸಂಸ್ಕೃತದ 'ವಜ್ರಚ್ಛೇದಿಕಾ' ಸೂತ್ರ. ಚೀನೀ ಭಾಷೆಗೆ ತಂದವರು ಕುಮಾರಜೀವ ಎಂಬ ಬೌದ್ಧ ಭಿಕ್ಷು, 5ನೇ ಶತಮಾನದ ಶುರುವಿನಲ್ಲಿ. ಇದರೊಳಗೇ ಒಂದು ಮಾತಿದೆ. ಈ ಸೂತ್ರದ ನಾಲ್ಕೇ ಸಾಲನ್ನು ಇನ್ನೊಬ್ಬರಿಗೆ ಹೇಳಿಕೊಟ್ಟರೂ ಸಾಕು, ಲೋಕಗಳ ತುಂಬ ರತ್ನ ದಾನ ಮಾಡಿದ್ದಕ್ಕಿಂತ ಜಾಸ್ತಿ ಪುಣ್ಯ. ಹಾಗಿದ್ದರೆ ನೂರು ಪ್ರತಿ ಹಂಚಿದರೆ? ರಾಮಕೋಟಿ ಬರೆಯುವವರ ಮನೆಯಲ್ಲಿ ಬೆಳೆದವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ, ಅಲ್ವಾ?

ಕಾಗದ, ಮಸಿ, ಮೊಹರು ಮೂರೂ ಚೀನೀಯರ ಹತ್ತಿರ ಮೊದಲೇ ಇದ್ದವು. 105ರಲ್ಲಿ ತ್ಸೈ ಲುನ್ ಎಂಬ ಅಧಿಕಾರಿ ತೊಗಟೆ, ಸೆಣಬು, ಹಳೇ ಬಟ್ಟೆ, ಹರಿದ ಮೀನಿನ ಬಲೆಗಳಿಂದ ಕಾಗದ ಮಾಡುವ ವಿಧಾನವನ್ನು ಚಕ್ರವರ್ತಿಗೆ ಒಪ್ಪಿಸಿದ್ದ. ಪಂಚಾಂಗ ಅಚ್ಚು ಹಾಕಿ ಮಾರುವವರೂ ಇದ್ದರು. ಆದರೆ ಒಂದೇ ಪಠ್ಯ ಸಾವಿರಗಟ್ಟಲೆ ಬೇಕು ಎಂಬ ಹಠ ಹೆಚ್ಚಾಗಿ ಬೌದ್ಧರದು ಎಂದೇ ನನಗನ್ನಿಸುತ್ತದೆ.

ಕೆಲಸ ಹೀಗೆ. ತೆಳು ಕಾಗದದ ಮೇಲೆ ಬರೆದು, ಅದನ್ನು ಬೋರಲಾಗಿ ಮರದ ಹಲಗೆಗೆ ಅಂಟಿಸುತ್ತಾರೆ. ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಕಾಣುತ್ತದೆ. ಅಕ್ಷರ ಬಿಟ್ಟು ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆಯಬೇಕು. ಉಬ್ಬಿದ ಅಕ್ಷರಕ್ಕೆ ಮಸಿ ಸವರಿ, ಕಾಗದ ಹಾಸಿ, ಒಣ ಬ್ರಷ್‌ನಿಂದ ಉಜ್ಜಿದರೆ ಪುಟ ರೆಡಿ. ಯಂತ್ರವೇ ಬೇಡ. ಕೈ ಜಾರಿ ಒಂದು ಗೆರೆ ಹಾರಿತೋ, ಅಷ್ಟು ಜಾಗ ಕೊರೆದು ಹೊಸ ಮರದ ತುಂಡು ಕೂರಿಸಬೇಕು.

ಪುಣ್ಯದ ಲೆಕ್ಕ ಕೆಲವೊಮ್ಮೆ ವಿಚಿತ್ರ. ಜಪಾನಿನ ಮಹಾರಾಣಿ ಶೋತೋಕು 770ರ ಹೊತ್ತಿಗೆ ಹತ್ತು ಲಕ್ಷ ಪುಟ್ಟ ಮರದ ಗೋಪುರ ಮಾಡಿಸಿ, ಒಳಗೆ ಅಚ್ಚು ಹಾಕಿದ ಮಂತ್ರದ ಚೀಟಿ ಇಡಿಸಿದಳೆಂದು ದಾಖಲೆಯಿದೆ. ಚೀಟಿ ಯಾರೂ ಓದಲಿಕ್ಕಲ್ಲ! ಚೀನಾದಲ್ಲಿ 971ರಲ್ಲಿ ಇಡೀ ತ್ರಿಪಿಟಕವನ್ನೇ, ಅಂದರೆ ಬೌದ್ಧರ ಧರ್ಮಗ್ರಂಥಗಳ ಸಂಗ್ರಹವನ್ನೇ, ಕೆತ್ತಲು ಕೂತರು. ಹನ್ನೆರಡು ವರ್ಷ, ಸುಮಾರು 1,30,000 ಹಲಗೆ. ಇಮ್ಮಡಿ ಪುಲಕೇಶಿಯ ರಾಜ್ಯ ನೋಡಿ ಹೋದ ನಮ್ಮ ಪಠ್ಯಪುಸ್ತಕದ ಹ್ಯೂಯೆನ್ ತ್ಸಾಂಗ್, 645ರಲ್ಲಿ ಕುದುರೆಗಳ ಮೇಲೆ ಹೇರಿಸಿ ಒಯ್ದ 657 ಗ್ರಂಥಗಳಲ್ಲಿ ಅವನು ಅನುವಾದಿಸಿದವೂ ಈ ತ್ರಿಪಿಟಕದಲ್ಲಿ ಸೇರಿದವು.

ವಾಂಗ್ ಜೀಯ ಸುರುಳಿ ಮಾತ್ರ ಚೀನಾದ ಮರುಭೂಮಿಯಂಚಿನ ಊರು ದುನ್‌ಹುವಾಂಗ್‌ನ ಗುಹೆಯೊಂದರಲ್ಲಿ, ಗೋಡೆ ಕಟ್ಟಿ ಮುಚ್ಚಿದ ಕೋಣೆಯೊಳಗೆ ಶತಮಾನಗಟ್ಟಲೆ ಕೂತಿತ್ತು. ಆ ಕೋಣೆ 1900ರಲ್ಲಿ ಸಿಕ್ಕಿತು. ಮರುಭೂಮಿಯ ಒಣ ಗಾಳಿ ಅದನ್ನು ಕಾಪಾಡಿತು. ಜೊತೆಗೆ, ಕಾಗದಕ್ಕೆ ಮರದ ತೊಗಟೆಯ ಹಳದಿ ಬಣ್ಣ ಹಾಕಿದ್ದರು. ಆ ಬಣ್ಣ ಇದ್ದರೆ ಹುಳ ಹತ್ತಿರ ಸುಳಿಯುವುದಿಲ್ಲ.