ಕಪಿಲಾ ಅಂತ ಹೆಸರಿಡಿ, ಅಕೌಂಟ್ಸ್ ಅಂತ ಬೇಡ

ಹಿಂದೆ ನಾನಿದ್ದ ಒಂದು ಸಣ್ಣ ಆಫೀಸಿನಲ್ಲಿ ‘ಅಕೌಂಟ್ಸ್’ ಅನ್ನುವ ಹೆಸರಿನ ಕಂಪ್ಯೂಟರ್ ಇತ್ತು. ಲೆಕ್ಕ ಬರೆಯುವವರ ಮೇಜಿನ ಮೇಲಿತ್ತು, ಅದಕ್ಕೇ ಆ ಹೆಸರು. ಎರಡು ವರ್ಷದ ಮೇಲೆ ಅವರಿಗೆ ಹೊಸದು ಬಂತು. ಹಳೆಯದು ಸ್ಟೋರ್ ರೂಮಿಗೆ ಹೋಯಿತು. ಎಲ್ಲರ ಪ್ರಿಂಟ್ ಅದರ ಮೂಲಕವೇ ಹೋಗುತ್ತಿದ್ದುದರಿಂದ ಹೆಸರು ಬದಲಿಸಲು ಯಾರೂ ಮುಂದಾಗಲಿಲ್ಲ. ಒಂದು ತಿಂಗಳ ಕೊನೆಯಲ್ಲಿ ‘ಅಕೌಂಟ್ಸ್ ಒಮ್ಮೆ ಆಫ್ ಮಾಡಿ ಆನ್ ಮಾಡಪ್ಪಾ’ ಅಂತ ಹೊಸದಾಗಿ ಸೇರಿದ್ದ ಹುಡುಗನಿಗೆ ಹೇಳಿದರು. ಅವನು ಸೀದಾ ಲೆಕ್ಕದವರ ಮೇಜಿಗೆ ಹೋಗಿ ಸ್ವಿಚ್ ಒತ್ತಿದ. ಅರ್ಧ ಟೈಪ್ ಮಾಡಿದ್ದ ಸಂಬಳದ ಪಟ್ಟಿ ಹೋಯಿತು. ಬೈಸಿಕೊಂಡವನು ಹುಡುಗ, ತಪ್ಪು ಆ ಹೆಸರಿನದು.

ನೆಟ್‌ವರ್ಕಿನಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ, ಅಂದರೆ ಐಪಿ ವಿಳಾಸದಿಂದ. ಹೆಸರು ಬೇಕಾಗಿರುವುದು ನಮಗೆ. ಫೋನಿನಲ್ಲಿ ಹೇಳಲು, ನೆನಪಿಡಲು, ಚೀಟಿ ಅಂಟಿಸಲು. ಈ ಮಾತನ್ನು ಚೆನ್ನಾಗಿ ಅರಿತವರು ಅಮೆರಿಕದ ಕಂಪ್ಯೂಟರ್ ತಜ್ಞ ಡಾನ್ ಲಿಬೆಸ್. ‘ನಿಮ್ಮ ಕಂಪ್ಯೂಟರ್‌ಗೆ ಹೆಸರು ಆರಿಸುವುದು’ ಅನ್ನುವ ಅರ್ಥದ ಶೀರ್ಷಿಕೆ ಕೊಟ್ಟು 1990ರ ಆಗಸ್ಟ್‌ನಲ್ಲಿ ಅವರೊಂದು ಟಿಪ್ಪಣಿ ಬರೆದರು. ಇಂಟರ್‌ನೆಟ್ಟಿನ ದಾಖಲೆಗಳಲ್ಲಿ ಅದು ಆರ್‌ಎಫ್‌ಸಿ 1178. ಅದರಲ್ಲಿ ‘ಅಪ್’ ಎಂಬ ಯಂತ್ರದ ಪ್ರಸಂಗ ಬರುತ್ತದೆ. ‘ಅಪ್ ಡೌನ್ ಆಗಿದೆಯಾ?’ ಅಂತ ಕೇಳಿದರೆ ಏನು ಉತ್ತರ ಕೊಡಬೇಕು? ಇನ್ನೊಂದು ಕಡೆ ಕಾರ್ಖಾನೆ ಕೆಲಸಕ್ಕೆಂದು ತಂದ ಯಂತ್ರಕ್ಕೆ ‘ಶಾಪ್’ ಅಂತ ಹೆಸರಿಟ್ಟಿದ್ದರು. ಅದೇ ಕೆಲಸಕ್ಕೆ ಎರಡನೆಯ ಯಂತ್ರ ಬಂದಾಗ ಅದನ್ನು ಏನಂತ ಕರೆಯುವುದು? ಯಂತ್ರ ಮಾಡುವ ಕೆಲಸದ ಹೆಸರು ಬೇಡ, ನಿಮ್ಮ ಸ್ವಂತ ಹೆಸರೂ ಬೇಡ ಅನ್ನುತ್ತಾರೆ ಲಿಬೆಸ್. ಕೆಲಸ ಬದಲಾಗುತ್ತದೆ, ಜನ ಬಿಟ್ಟು ಹೋಗುತ್ತಾರೆ. ಹೂವು, ಗ್ರಹ, ಬಣ್ಣ, ಹೀಗೆ ಒಂದೇ ಗುಂಪಿನ ಹೆಸರು ಇಡಿ ಅನ್ನುವುದೂ ಅವರದೇ ಸಲಹೆ.

ನಮ್ಮವರು ನದಿಗಳ ಹೆಸರು ಇಟ್ಟುನೋಡುತ್ತಾರೆ, ಚೆನ್ನಾಗಿಯೇ ಇರುತ್ತದೆ. ಆದರೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಬೇಕಲ್ವಾ? ಶರಾವತಿಯ ‘ತಿ’ಗೆ ಟಿ-ಐ ಸಾಕಾ, ಟಿ-ಎಚ್-ಐ ಬೇಕಾ? ಕಾವೇರಿ ‘ಕೆ’ಯಿಂದಲಾ, ‘ಸಿ’ಯಿಂದಲಾ? ಭೀಮಾಗೆ ಒಂದು ‘ಐ’ಯಾ, ಎರಡು ‘ಇ’ಯಾ? ಎರಡು ರೀತಿ ಬರೆಯಲು ಬರುವ ಹೆಸರು ಬೇಡ ಅಂತ ಆ ಟಿಪ್ಪಣಿಯಲ್ಲೂ ಇದೆ. ಕನ್ನಡದ ಹೆಸರಿಗೆ ಈ ತೊಂದರೆ ಇನ್ನೂ ಜಾಸ್ತಿ. ನನ್ನ ಕೇಳಿದರೆ ಕಪಿಲಾ ಒಳ್ಳೆಯದು. ಕಿವಿಗೆ ಬಿದ್ದ ಹಾಗೇ ಬೆರಳಿಗೂ ಬರುತ್ತದೆ.

ಇದೆಲ್ಲ ಸಲಹೆ. ಮೀರಲಾಗದ ನಿಯಮಗಳು ಬೇರೆ ಇವೆ. ಇಂಟರ್‌ನೆಟ್ಟಿಗೆ ಮೊದಲಿದ್ದ ಆರ್ಪಾನೆಟ್ ಎಂಬ ನೆಟ್‌ವರ್ಕಿನ ಕಾಲದಲ್ಲಿ ಎಲ್ಲ ಯಂತ್ರಗಳ ಹೆಸರೂ ವಿಳಾಸವೂ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸ ಯಂತ್ರ ಸೇರಿಸಬೇಕಾದರೆ ಅವರಿಗೇ ತಿಳಿಸಬೇಕು, ಮಿಕ್ಕವರು ಕಡತ ಇಳಿಸಿಕೊಳ್ಳಬೇಕು. ಯಂತ್ರಗಳು ಹೆಚ್ಚಿದಂತೆ ಅದು ಕೈಮೀರಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್, ಹೆಸರು ಕೊಟ್ಟರೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆ ರೂಪಿಸಿದರು. ಆಮೇಲೆ ನಿಮ್ಮ ಡೊಮೇನ್‌ನೊಳಗೆ, ಅಂದರೆ ನಿಮ್ಮ ಸಂಸ್ಥೆಯ ಹೆಸರಿನ ವಲಯದೊಳಗೆ, ಒಂದು ಕಪಿಲಾ, ಪಕ್ಕದವರ ಡೊಮೇನ್‌ನಲ್ಲಿ ಇನ್ನೊಂದು ಕಪಿಲಾ ಇದ್ದರೂ ತಕರಾರಿಲ್ಲ.

1985ರ ನಿಯಮದಂತೆ ಹೆಸರಿಗೆ 24 ಅಕ್ಷರ ಮಿತಿ. ಎ ಇಂದ ಝಡ್, ಅಂಕಿ, ಹೈಫನ್, ನಡುನಡುವೆ ಚುಕ್ಕಿ, ಇಷ್ಟೇ. ಅಂಡರ್‌ಸ್ಕೋರ್ ಇಲ್ಲ, ಖಾಲಿ ಜಾಗ ಇಲ್ಲ. ಮೊದಲನೆಯದು ಅಕ್ಷರವೇ ಆಗಿರಬೇಕು. ಅಂಕಿಯಿಂದ ಶುರುವಾಗಬಹುದು ಅಂತ 1989ರಲ್ಲಿ ಸಡಿಲಿಸಿದರು. ಇಲ್ಲದಿದ್ದರೆ 3ಕಾಮ್‌ನಂಥ ಕಂಪನಿ ತನ್ನ ಹೆಸರನ್ನೇ ಬಳಸುವಂತಿರಲಿಲ್ಲ.

ಇವತ್ತು ಎರಡು ಚುಕ್ಕಿಗಳ ನಡುವಿನ ತುಂಡಿಗೆ ಮಿತಿ 63 ಅಕ್ಷರ. ಈ 63 ಎಲ್ಲಿಂದ ಬಂತು? ಡಿಎನ್‌ಎಸ್ ಸಂದೇಶದಲ್ಲಿ ಪ್ರತಿ ತುಂಡಿಗೆ ಮೊದಲು ಅದರ ಉದ್ದ ಹೇಳುವ ಒಂದು ಬೈಟ್ ಇರುತ್ತದೆ. ಬೈಟ್ ಅಂದರೆ ಎಂಟು ಬಿಟ್, ಒಂದೊಂದು ಬಿಟ್ 0 ಇಲ್ಲವೇ 1. ಮೊದಲ ಎರಡು ಬಿಟ್‌ಗಳನ್ನು ಬೇರೆ ಕೆಲಸಕ್ಕೆ ಎತ್ತಿಟ್ಟಿದ್ದಾರೆ. ಅವೆರಡೂ 1 ಆಗಿದ್ದರೆ ‘ಈ ಹೆಸರು ಹಿಂದೆಯೇ ಬಂದಿದೆ, ಅಲ್ಲಿ ನೋಡು’ ಅಂತ ಅರ್ಥ. ಜಾಗ ಉಳಿಸುವ ಉಪಾಯ ಅದು. ಉದ್ದ ಬರೆಯಲು ಉಳಿದದ್ದು ಆರು ಬಿಟ್, ಅದರಲ್ಲಿ ಹಿಡಿಯುವ ದೊಡ್ಡ ಅಂಕಿ 63.

ಹಾಗಾದರೆ ಕನ್ನಡ ಅಕ್ಷರದ ಹೆಸರು ಹೇಗೆ ಓಡಾಡುತ್ತದೆ? ‘.ಭಾರತ’ ಅಂತ ಕನ್ನಡದಲ್ಲೇ ಕೊನೆಯಾಗುವ ಡೊಮೇನ್ ಇದೆಯಲ್ಲ, ಅದನ್ನು ಟೈಪ್ ಮಾಡಿದಾಗ ಬ್ರೌಸರ್ ಒಳಗೊಳಗೇ ಅದರ ವೇಷ ಬದಲಿಸುತ್ತದೆ. ಎಕ್ಸ್, ಎನ್, ಎರಡು ಹೈಫನ್, ಆಮೇಲೆ 2, ಎಸ್, ಸಿ, ಆರ್, ಜೆ, 9, ಸಿ. ನೆಟ್‌ವರ್ಕಿನಲ್ಲಿ ಹೋಗುವುದು ಈ ಸಾಲು. ಪ್ಯೂನಿಕೋಡ್ ಎಂಬ ಈ ವಿಧಾನ 2003ರಲ್ಲಿ ಬಂತು. ಹಳೆಯ ನಿಯಮ ಒಂದನ್ನೂ ಮುರಿಯದೆ ‘ಭಾರತ’ ಅದರೊಳಗೆ ಕೂತಿದೆ. ಮೊದಲ ಸಲ ಇದನ್ನು ನೋಡಿದಾಗ ನಾನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೆ.

ಈಗ ದೊಡ್ಡ ಡೇಟಾ ಸೆಂಟರ್‌ಗಳಲ್ಲಿ ಸಾವಿರಾರು ಸರ್ವರ್‌ಗಳು. ಅವಕ್ಕೆ ಪ್ರೀತಿಯ ಹೆಸರು ಬೇಡ, ದನಗಳ ಹಾಗೆ ಸುಮ್ನೆ ನಂಬರ್ ಹಾಕಿ ಅನ್ನುವ ಮಾತು ಆ ಕೆಲಸದವರಲ್ಲಿ ಚಾಲ್ತಿಯಲ್ಲಿದೆ. ಅಷ್ಟು ಸಂಖ್ಯೆಗೆ ನಂಬರೇ ಸರಿ, ಒಪ್ಪುತ್ತೇನೆ. ದನದ ಹೋಲಿಕೆ ಮಾತ್ರ ನನಗೆ ಹಿಡಿಸುವುದಿಲ್ಲ. ನಾಲ್ಕು ಹಸು ಇರುವ ಕೊಟ್ಟಿಗೆಯಲ್ಲಿ ಗೌರಿ, ಗಂಗೆ, ಕಪಿಲೆ ಅಂತ ಹೆಸರಿಟ್ಟೇ ಕರೆಯುತ್ತೇವೆ. ನಿಮ್ಮ ಆಫೀಸಿನಲ್ಲಿರುವುದೂ ಹತ್ತೋ ಹನ್ನೆರಡೋ ಯಂತ್ರ ತಾನೆ? ಒಂದೊಂದಕ್ಕೂ ಒಂದು ಹೆಸರು ಯೋಚಿಸಿ, ಚೀಟಿಯಲ್ಲಿ ಬರೆದು ಮುಂಭಾಗದಲ್ಲಿ ಅಂಟಿಸಿ.