ಪರಾನುಭೂತಿ ಪರೀಕ್ಷೆ: ಮೊಬೈಲಿನಲ್ಲಿ ಬಂದ ಅಂಕವನ್ನು ಓದುವುದು ಹೇಗೆ?

ಎದುರಿಗಿರುವವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ಗ್ರಹಿಸುವುದು, ಗ್ರಹಿಸಿದ್ದು ನಮಗೂ ತಟ್ಟುವುದು, ಇವೆರಡೂ ಸೇರಿದರೆ ಪರಾನುಭೂತಿ. ಎಂಪತಿ ಎಂದು ಎಲ್ಲರೂ ಕರೆಯುವುದು ಇದನ್ನೇ. ಬಿ.ಎಡ್., ನರ್ಸಿಂಗ್, ಸಮಾಜಕಾರ್ಯ ಓದುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇದನ್ನು ಅಳೆಯುವ ಪರೀಕ್ಷೆಯ ಲಿಂಕ್ ಬರುತ್ತದೆ. ಶಿವಮೊಗ್ಗದಲ್ಲಿ ಕೂತವರು ಸಾಗರದ ಗೆಳತಿಗೆ "ನಂದು 52 ಬಂತು ಕಣೇ, ನಿಂದೆಷ್ಟು?" ಎಂದು ಕೇಳುತ್ತಾರೆ. ಯಾವ ಪರೀಕ್ಷೆ ಎಂದು ಗೊತ್ತಿಲ್ಲದೆ ಆ 52ಕ್ಕೆ ಅರ್ಥವೇ ಇಲ್ಲ. ಎಂಪತಿ ಕೋಶೆಂಟ್‌ನಲ್ಲಿ ಅದು 80ಕ್ಕೆ 52, ಟೊರಾಂಟೊ ಪ್ರಶ್ನಾವಳಿಯಲ್ಲಿ 64ಕ್ಕೆ 52. ಮೂರನೆಯ ಪರೀಕ್ಷೆಯಾದ ಐಆರ್‌ಐನಲ್ಲಿ ಒಟ್ಟು ಅಂಕ ಹಾಕುವ ಪದ್ಧತಿಯೇ ಇಲ್ಲ.

ಆದ್ದರಿಂದ ಪ್ರಶ್ನೆಗೆ ಉತ್ತರಿಸುವ ಮೊದಲು ಪುಟದಲ್ಲಿ ಪರೀಕ್ಷೆಯ ಹೆಸರು ಹುಡುಕಿ. ಹೆಸರಿಲ್ಲದ, ಹತ್ತು ಪ್ರಶ್ನೆ ಕೇಳಿ "ನೀವು ಶೇ 87ರಷ್ಟು ಕರುಣಾಮಯಿ" ಎನ್ನುವಂಥದ್ದನ್ನು ಬಿಟ್ಟುಬಿಡಿ. ಫಲಿತಾಂಶ ತೋರಿಸಲು ಮೊಬೈಲ್ ನಂಬರ್ ಕೇಳುವುದನ್ನಂತೂ ಮುಟ್ಟಲೇಬೇಡಿ.

ಐಆರ್‌ಐ, ಅಂದರೆ ಇಂಟರ್‌ಪರ್ಸನಲ್ ರಿಯಾಕ್ಟಿವಿಟಿ ಇಂಡೆಕ್ಸ್, ಮಾರ್ಕ್ ಡೇವಿಸ್ ಅವರು 1980ರಲ್ಲಿ ರೂಪಿಸಿದ್ದು. ಕಲಿಯುವವರಿಗೆ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಇದು ಪರಾನುಭೂತಿಯನ್ನು ಬಿಡಿಸಿ ತೋರಿಸುತ್ತದೆ. 28 ಹೇಳಿಕೆಗಳು, ಏಳೇಳರಂತೆ ನಾಲ್ಕು ಭಾಗ. ಎಲೆಚುಕ್ಕಿ ರೋಗದಿಂದ ಅಡಿಕೆ ತೋಟ ಸೊರಗಿದ ಪಕ್ಕದ ಮನೆಯವರು ನಿಮ್ಮ ಜಗುಲಿಯಲ್ಲಿ ಕೂತಿದ್ದಾರೆ ಎಂದಿಟ್ಟುಕೊಳ್ಳಿ. ಮಾತು ಹವಾಮಾನದ ಮೇಲಿದ್ದರೂ ಅವರ ತಲೆಯಲ್ಲಿರುವುದು ಸೊಸೈಟಿ ಸಾಲದ ಕಂತು ಎಂದು ಊಹಿಸುವುದು ದೃಷ್ಟಿಕೋನ ಗ್ರಹಿಕೆ. ಅವರ ಪಾಡಿಗೆ ಹೊಟ್ಟೆ ಚುರ್ರೆನ್ನುವುದು ಪರಕಾಳಜಿ. ಅವರು ಕಣ್ಣೊರೆಸಿಕೊಂಡರೆ ಎದುರು ಕೂರಲಾಗದೆ, ಕಾಫಿ ತರುವ ನೆಪದಲ್ಲಿ ನೀವು ಒಳಗೆ ಎದ್ದು ಹೋದರೆ ಅದು ಸ್ವಸಂಕಟ. ನಾಲ್ಕನೆಯದು ಕಲ್ಪನಾ ತನ್ಮಯತೆ: ಕಥೆ, ಸಿನಿಮಾಗಳ ಪಾತ್ರದೊಳಗೆ ಹೊಕ್ಕುಬಿಡುವ ಗುಣ.

ಎಡವುವುದು ಸ್ವಸಂಕಟದಲ್ಲಿ. ಇದರಲ್ಲಿ ಹೆಚ್ಚು ಅಂಕ ಬಂದರೆ ತಾನು ಬಹಳ ಮೃದು ಹೃದಯಿ ಎಂದು ಹಿಗ್ಗುವವರಿದ್ದಾರೆ. ಈ ಭಾಗ ಅಳೆಯುವುದು ತುರ್ತು ಹೊತ್ತಿನಲ್ಲಿ ನೀವೇ ಎಷ್ಟು ಗಾಬರಿಯಾಗುತ್ತೀರಿ ಎಂಬುದನ್ನು. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೊತ್ತು ತಂದಾಗ ಕೈಕಾಲು ಆಡದ ನರ್ಸಿಂಗ್ ವಿದ್ಯಾರ್ಥಿಗೆ ದಯೆ ಇದ್ದೇ ಇರುತ್ತದೆ. ರೋಗಿಗೆ ಅದು ಸಿಗುವುದಿಲ್ಲ. 28ಕ್ಕೆ ಪರಕಾಳಜಿ 24, ಸ್ವಸಂಕಟ 22 ಬಂದವರು ತಮ್ಮ ಗಾಬರಿ ಹಿಡಿತಕ್ಕೆ ತರುವ ಅಭ್ಯಾಸದಿಂದ ಶುರುಮಾಡಬೇಕು. ಎಲ್ಲ ಭಾಗ ಕೂಡಿಸಿ ಒಂದೇ ಸಂಖ್ಯೆ ಕೊಡುವ ಜಾಲತಾಣಗಳು ಈ ವ್ಯತ್ಯಾಸವನ್ನೇ ಅಳಿಸಿಹಾಕುತ್ತವೆ.

ಅಂಕ ಲೆಕ್ಕವನ್ನು ಕೈಯಲ್ಲೇ ಹಾಕಿ ನೋಡುವುದು ಒಳ್ಳೆಯದು. ಪ್ರತಿ ಹೇಳಿಕೆಗೂ 0ಯಿಂದ 4, ಹಾಗಾಗಿ ಒಂದೊಂದು ಭಾಗಕ್ಕೂ ಗರಿಷ್ಠ 28. ಆದರೆ 3, 4, 7, 12, 13, 14, 15, 18, 19ನೆಯ ಹೇಳಿಕೆಗಳು ಉಲ್ಟಾ, ಅಂದರೆ ಒಪ್ಪಿದಷ್ಟೂ ಅಂಕ ಇಳಿಯುವಂಥವು. ನೀವು ಕೊಟ್ಟ ಅಂಕವನ್ನು 4ರಿಂದ ಕಳೆದು ಬರೆಯಬೇಕು. ದೃಷ್ಟಿಕೋನ ಗ್ರಹಿಕೆಯ ಹೇಳಿಕೆಗಳು 3, 8, 11, 15, 21, 25, 28. ಇವಕ್ಕೆ ಕ್ರಮವಾಗಿ 1, 3, 2, 0, 3, 4, 2 ಕೊಟ್ಟಿದ್ದೀರಿ ಎನ್ನೋಣ. ಹಾಗೇ ಕೂಡಿಸಿದರೆ 15. ಆದರೆ 3 ಮತ್ತು 15 ಉಲ್ಟಾ ಆದ್ದರಿಂದ ಅಲ್ಲಿನ 1 ಹೋಗಿ 3 ಆಗುತ್ತದೆ, 0 ಹೋಗಿ 4 ಆಗುತ್ತದೆ. ಸರಿಯಾದ ಮೊತ್ತ 21.

ಉಲ್ಟಾ ಹೇಳಿಕೆ ಇಡುವುದು ಎಲ್ಲಕ್ಕೂ ಹೂಂ ಎನ್ನುತ್ತಾ ಹೋಗುವವರನ್ನು ತಡೆಯಲು. 2009ರಲ್ಲಿ ಬಂದ ಟೊರಾಂಟೊ ಪ್ರಶ್ನಾವಳಿಯಲ್ಲಿ 16 ಹೇಳಿಕೆಗಳಿವೆ, ಅರ್ಧ ನೇರ, ಅರ್ಧ ಉಲ್ಟಾ. ಓದದೆ ಎಲ್ಲಕ್ಕೂ ಒಂದೇ ಉತ್ತರ ಒತ್ತಿದರೆ, ಅದು 0 ಇರಲಿ 4 ಇರಲಿ, ಬರುವುದು 32. ನಿಮ್ಮ ಅಂಕ ಸರಿಯಾಗಿ 32 ಆಗಿದ್ದರೆ ಉತ್ತರಗಳನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಕನ್ನಡದಲ್ಲಿ ಇಲ್ಲೊಂದು ತೊಡಕಿದೆ. ಬ್ರೌಸರ್ ತಾನಾಗಿ ಅನುವಾದಿಸಿದ ಪುಟದಲ್ಲಿ "ಇತರರ ಅಳು ನನ್ನನ್ನು ಕಲಕುವುದಿಲ್ಲ" ಎಂಬಂಥ ವಾಕ್ಯದ ಕೆಳಗೆ "ಒಪ್ಪುವುದಿಲ್ಲ" ಎಂಬ ಆಯ್ಕೆ ಇರುತ್ತದೆ. ಎರಡು "ಇಲ್ಲ" ಸೇರಿದಾಗ ಅವಸರದಲ್ಲಿ ಕೈ ತಪ್ಪುತ್ತದೆ. ವಾಕ್ಯವನ್ನು ಗಟ್ಟಿಯಾಗಿ ಓದಿ, ನಿಮ್ಮ ವಿಷಯದಲ್ಲಿ ನಿಜವೋ ಸುಳ್ಳೋ ಎಂದು ಕೇಳಿಕೊಂಡ ಮೇಲೆ ಒತ್ತಿ. ಕಲ್ಪನಾ ತನ್ಮಯತೆಯ ಪ್ರಶ್ನೆಗಳು ಕಾದಂಬರಿ, ಸಿನಿಮಾ, ನಾಟಕಗಳ ಮೇಲೇ ನಿಂತಿವೆ. ಕಾದಂಬರಿ ಓದದವರು ಇಡೀ ರಾತ್ರಿ ಯಕ್ಷಗಾನದ ಮುಂದೆ ಕೂತು ಕರ್ಣನ ಕೊನೆಗಾಲಕ್ಕೆ ಕಣ್ಣೀರಿಟ್ಟಿದ್ದನ್ನು ನೆನೆದು ಉತ್ತರಿಸಬಹುದು.

ಎಂಪತಿ ಕೋಶೆಂಟ್ ಕೇಂಬ್ರಿಜ್‌ನ ಸೈಮನ್ ಬ್ಯಾರನ್-ಕೊಹೆನ್ ಮತ್ತು ಸ್ಯಾಲಿ ವೀಲ್‌ರೈಟ್ 2004ರಲ್ಲಿ ಪ್ರಕಟಿಸಿದ್ದು. 60 ಹೇಳಿಕೆಗಳಲ್ಲಿ 20ಕ್ಕೆ ಅಂಕವಿಲ್ಲ, ಪರೀಕ್ಷೆಯ ಉದ್ದೇಶ ಎದ್ದು ಕಾಣದಿರಲೆಂದು ಸೇರಿಸಿದವು. ಆ ಅಧ್ಯಯನದಲ್ಲಿ ಆಟಿಸಂ ವರ್ಗದ ವಯಸ್ಕರಲ್ಲಿ ಶೇ 81 ಮಂದಿ 30 ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದಿದ್ದರು. ಈ ಅರ್ಧ ಮಾತೇ ಎಲ್ಲೆಡೆ ಹಬ್ಬಿದೆ. ಉಳಿದರ್ಧ: ಆಟಿಸಂ ಇಲ್ಲದವರಲ್ಲೂ ಶೇ 12 ಮಂದಿ ಅದೇ ಮಟ್ಟದಲ್ಲಿದ್ದರು. 28 ಬಂತೆಂದು ಮಗನಿಗೋ ಗಂಡನಿಗೋ ಆಟಿಸಂ ಎಂದು ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಈ ಮೂರೂ ನಿಮ್ಮ ಬಗ್ಗೆ ನಿಮ್ಮನ್ನೇ ಕೇಳುವ ಪರೀಕ್ಷೆಗಳು. ನಾನು ಇತರರನ್ನು ಚೆನ್ನಾಗಿ ಅರಿಯುತ್ತೇನೆ ಎಂಬ ನಂಬಿಕೆಗೂ ನಿಜವಾಗಿ ಅರಿಯುವ ಶಕ್ತಿಗೂ ಇರುವ ನಂಟು ಬಹಳ ದುರ್ಬಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2019ರ ವಿಶ್ಲೇಷಣೆ ತೋರಿಸಿತು. ಶಕ್ತಿಯನ್ನೇ ಪರೀಕ್ಷಿಸಲು ಹೊರಟದ್ದು ಕಣ್ಣುಗಳ ಪರೀಕ್ಷೆ: ಮುಖದ ಕಣ್ಣಿನ ಭಾಗ ಮಾತ್ರ ಕಾಣುವ 36 ಚಿತ್ರ, ಪ್ರತಿಯೊಂದಕ್ಕೂ ನಾಲ್ಕು ಭಾವಸೂಚಕ ಪದ, ಅವುಗಳಲ್ಲಿ ಸರಿಯಾದ ಒಂದನ್ನು ಆರಿಸಬೇಕು. ಕಣ್ಣುಮುಚ್ಚಿ ಒತ್ತಿದರೂ ಸರಾಸರಿ 9 ಸರಿಯಾಗುತ್ತವೆ. ಇಂಗ್ಲಿಷ್ ಪದ ಗೊತ್ತಿಲ್ಲದವರ ಅಂಕ ಬಿದ್ದರೆ ಅದು ಶಬ್ದಕೋಶದ ಕೊರತೆಯೇ ಹೊರತು ಮನಸ್ಸಿನದ್ದಲ್ಲ.

ನಿಮ್ಮ ಉತ್ತರ ಎಷ್ಟು ನಂಬಬಹುದು ಎಂದು ನೋಡಲು, ದೃಷ್ಟಿಕೋನ ಗ್ರಹಿಕೆಯ ಏಳು ಹೇಳಿಕೆಗಳನ್ನು ನಿಮ್ಮ ಬಗ್ಗೆ ತುಂಬುವಂತೆ ಮನೆಯವರೊಬ್ಬರಿಗೆ ಕೊಡಿ. ಐದಾರು ಅಂಕದ ಅಂತರ ಬಂದರೆ ಯಾವ ಹೇಳಿಕೆಯಲ್ಲಿ ಬಂತು ಎಂದು ಕೂತು ಮಾತಾಡಿ. ಜಗಳವಾದ ದಿನ, ಕಾಲೇಜು ಪರೀಕ್ಷೆಯ ಹಿಂದಿನ ದಿನ ಇದನ್ನು ಮಾಡಬೇಡಿ. ಫಲಿತಾಂಶ ನೋಡಿ ಕಳವಳ ಕಾಡತೊಡಗಿದರೆ, ಅಥವಾ ಇತರರ ನೋವು ನಿಮ್ಮ ನಿದ್ದೆ ಕೆಡಿಸುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಕರೆಗೆ ಹಣವಿಲ್ಲ.