ಕ್ಲಾಕ್ ಆಫ್ ಮಾಡುವುದು ನಿಮ್ಮ ಕೆಲಸ ಅಲ್ಲ ಮಾರಾಯ್ರೆ

"ಕ್ಲಾಕ್ ಡಿಸೇಬಲ್ ಮಾಡಿದ್ದೇನೆ ಸರ್. ಆದ್ರೂ ಓಡ್ತಾ ಉಂಟು. ಕರ್ನಲ್‌ನಲ್ಲೇ ಎಂತದೋ ಬಗ್ ಇರಬೇಕು."

ಮಂಗಳೂರು, ಮಣಿಪಾಲದ ಸಣ್ಣ ಕಂಪನಿಗಳಿಗೆ ಲಿನಕ್ಸ್ ಡ್ರೈವರ್ (ಸಾಧನ ನಡೆಸುವ ಕೋಡ್) ಬರೆದುಕೊಡುವುದು ನನ್ನ ಕೆಲಸ. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಕ್ಲಾಕ್ ಅಂದರೆ ಚಿಪ್‌ನ ಸಾಧನಗಳನ್ನು ತಾಳಕ್ಕೆ ನಡೆಸುವ ಸಿಗ್ನಲ್. ಈ ದೂರು ಬರದ ತಿಂಗಳು ಕಡಿಮೆ. ಬಗ್ ಇಲ್ಲವೇ ಇಲ್ಲ ಅಂತ ನಾನು ಆಣೆ ಹಾಕುವುದಿಲ್ಲ. ಆದರೆ ಹೆಚ್ಚಿನ ಸಲ ಕರ್ನಲ್ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ.

ಕ್ಲಾಕ್ ಹಚ್ಚುವ ಎರಡು ಕರೆಗಳಲ್ಲಿ ಪ್ರಿಪೇರ್ ನಿದ್ದೆ ಹೋಗಬಹುದು (ಕಾಯುತ್ತಾ ನಿಲ್ಲಬಹುದು), ಎನೇಬಲ್ ಹೋಗಬಾರದು ಎಂಬ ಪಾಠವನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅದು ನಿಮಗೆ ಗೊತ್ತು. ಗೊತ್ತಿಲ್ಲದವರಂತೆ ನಡೆದುಕೊಳ್ಳುವುದು ಒಂದೇ ವಿಷಯದಲ್ಲಿ: ಈ ಕರೆಗಳು ಸ್ವಿಚ್ ಅಲ್ಲ, ಲೆಕ್ಕ. ಎನೇಬಲ್ ಅಂದರೆ "ನನಗೆ ಈ ಕ್ಲಾಕ್ ಬೇಕು" ಅಂತ ಲೆಕ್ಕಕ್ಕೆ ಒಂದು ಸೇರಿಸುವುದು. ಡಿಸೇಬಲ್ ಅಂದರೆ "ನನಗೆ ಸಾಕು" ಅಂತ ಒಂದು ಕಳೆಯುವುದು. ಲೆಕ್ಕ ಸೊನ್ನೆಗೆ ಬಂದರೆ ಮಾತ್ರ ಕರ್ನಲ್ ಆರಿಸಲು ಹಾರ್ಡ್‌ವೇರ್ ಮುಟ್ಟುತ್ತದೆ. 2012ರಲ್ಲಿ 3.4 ಕರ್ನಲ್‌ಗೆ ಈ ಲೆಕ್ಕ ನೋಡಿಕೊಳ್ಳುವ ಕಾಮನ್ ಕ್ಲಾಕ್ ಫ್ರೇಮ್‌ವರ್ಕ್ ಬಂದಾಗಿನಿಂದಲೂ ಹೀಗೆಯೇ.

ಯಕ್ಷಗಾನದ ಚೌಕಿ (ಬಣ್ಣ ಹಚ್ಚುವ ಕೋಣೆ) ನೋಡಿದವರಿಗೆ ಇದು ಸುಲಭ. ಪುಂಡುವೇಷದವ ತನ್ನ ಬಣ್ಣ ಮುಗಿಸಿ ರಂಗಕ್ಕೆ ಹೊರಟಾಗ ಲೈಟ್ ಆರಿಸುವುದಿಲ್ಲ. ಪಕ್ಕದಲ್ಲಿ ಬಣ್ಣದ ವೇಷದವರು ಇನ್ನೂ ಮುಖಕ್ಕೆ ಚಿಟ್ಟಿ ಇಡುತ್ತಾ ಕೂತಿರುತ್ತಾರೆ. ಅವನು ಎದ್ದು ಹೋಗುತ್ತಾನೆ, ಅಷ್ಟೇ. ದೀಪ ಆರಿಸುವ ಮಾತು ಎಲ್ಲರೂ ಎದ್ದ ಮೇಲೆ.

ನೀವು ಡಿಸೇಬಲ್ ಮಾಡಿದ ಮೇಲೂ ಕ್ಲಾಕ್ ಓಡುತ್ತಿದ್ದರೆ ಹೆಚ್ಚಿನ ಸಲ ಬೇರೆ ಯಾರಿಗೋ ಅದು ಬೇಕಾಗಿದೆ ಅಂತ ಅರ್ಥ. ಒಂದೇ ಕ್ಲಾಕ್ ಅನ್ನು ಎರಡು ಮೂರು ಸಾಧನಗಳು ಹಂಚಿಕೊಳ್ಳುವುದು ಚಿಪ್‌ಗಳಲ್ಲಿ ಮಾಮೂಲು. ಯಾರು ಹಿಡಿದುಕೊಂಡಿದ್ದಾರೆ ಅಂತ ತಿಳಿಯಲು ಡೀಬಗ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಒಳಗಿನ ಸ್ಥಿತಿ ತೋರಿಸುವ ಫೈಲ್‌ಗಳ ಜಾಗ) ಕ್ಲಾಕ್ ಸಮ್ಮರಿ ಫೈಲ್ ಉಂಟು. ಕ್ಲಾಕ್‌ಗಳ ಇಡೀ ಮರ ಕಾಣುತ್ತದೆ, ಪ್ರತಿ ಸಾಲಿಗೂ ಎಣಿಕೆ ಇರುತ್ತದೆ. ಅದನ್ನು ತೆರೆದು ನೋಡಿದರೆ ಸಾಕು. ಆದರೆ ಜನ ಮಾಡುವುದು ಬೇರೆ. ಇನ್ನೊಮ್ಮೆ ಡಿಸೇಬಲ್ ಕರೆಯುತ್ತಾರೆ! "ಈಗ ಆಫ್ ಆಯ್ತು ಸರ್" ಅಂತ ಖುಷಿಯಿಂದ ಮೆಸೇಜ್ ಬೇರೆ.

ಆಫ್ ಆಗದೆ ಏನು? ಪಕ್ಕದವರ ಲೆಕ್ಕ ಕದ್ದಿದ್ದೀರಿ. ಎನೇಬಲ್ ಎಣಿಕೆಯನ್ನು ಕರ್ನಲ್ ಕ್ಲಾಕ್‌ಗೆ ಒಂದರಂತೆ ಇಡುತ್ತದೆ, ಡ್ರೈವರ್‌ಗೆ ಒಂದರಂತೆ ಅಲ್ಲ. ಹಾಗಾಗಿ ಹೆಚ್ಚುವರಿ ಡಿಸೇಬಲ್ ಕರೆದಾಗ ನಿಮಗೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಆಮೇಲೆ ಪಕ್ಕದ ಡ್ರೈವರ್ ತನ್ನ ನ್ಯಾಯವಾದ ಡಿಸೇಬಲ್ ಕರೆದಾಗ "ಈಗಾಗಲೇ ಡಿಸೇಬಲ್ ಆಗಿದೆ" ಅಂತ ಲಾಗ್‌ನಲ್ಲಿ ಎಚ್ಚರಿಕೆ ಬೀಳುತ್ತದೆ. ಅದರಲ್ಲಿ ಕಾಣುವುದು ಅವನ ಹೆಸರು. ತಪ್ಪು ನಿಮ್ಮದು, ಬೈಗುಳ ಅವನಿಗೆ.

ಅದೂ ಅಲ್ಲಿಯವರೆಗೆ ಬೋರ್ಡ್ ಬದುಕಿದ್ದರೆ. ಕ್ಲಾಕ್ ನಿಂತ ಸಾಧನದ ರಿಜಿಸ್ಟರ್ ಓದಲು ಹೋದರೆ ಏನಾಗುತ್ತದೆ ಅನ್ನುವುದು ಚಿಪ್ ಮೇಲೆ ನಿಂತಿದೆ. ಕೆಲವು ಎಆರ್‌ಎಂ ಚಿಪ್‌ಗಳಲ್ಲಿ ಎಕ್ಸ್‌ಟರ್ನಲ್ ಅಬಾರ್ಟ್ (ಸಿಪಿಯುಗೆ ಸಿಗುವ ದೋಷದ ಸೂಚನೆ) ಬರುತ್ತದೆ, ಕನಿಷ್ಠ ಒಂದು ಸುಳಿವು ಸಿಗುತ್ತದೆ. ಕೆಲವಲ್ಲಿ ಬಸ್ ಉತ್ತರವನ್ನೇ ಕೊಡುವುದಿಲ್ಲ. ಸಿಪಿಯು ಕಾಯುತ್ತಾ ನಿಲ್ಲುತ್ತದೆ. ಲಾಗ್ ಇಲ್ಲ, ಪ್ಯಾನಿಕ್ ಇಲ್ಲ, ಏನೂ ಇಲ್ಲ.

ಬಳಸದ ಸಾಧನವನ್ನು ಮಲಗಿಸಿ ಕರೆಂಟ್ ಉಳಿಸುವ ರನ್‌ಟೈಮ್ ಪಿಎಂನಲ್ಲೂ ಇದೇ ಕಥೆ. ಗೆಟ್ ಅಂದರೆ ಬೇಕು, ಪುಟ್ ಅಂದರೆ ಸಾಕು. ಪುಟ್ ಕರೆದ ತಕ್ಷಣ ಸಾಧನ ಮಲಗಬೇಕು ಅಂತ ಏನೂ ಇಲ್ಲ. ಮಾಮೂಲಿ ಪುಟ್ ಮಲಗಿಸುವ ಕೆಲಸವನ್ನು ಸರದಿಗೆ ಹಾಕುತ್ತದೆ, ಅಷ್ಟೇ. ಆಟೋಸಸ್ಪೆಂಡ್ ಇದ್ದರೆ ಇಷ್ಟು ಮಿಲಿಸೆಕೆಂಡ್ ಸುಮ್ನೆ ಕೂತ ಮೇಲೆ ಅಂತ ಕಾಯುತ್ತದೆ. ಮಗು ಸಾಧನ ಎಚ್ಚರ ಇದ್ದರೆ ತಾಯಿ ಸಾಧನ ಸಾಮಾನ್ಯವಾಗಿ ಮಲಗುವುದಿಲ್ಲ. ಸಿಸ್‌ಎಫ್‌ಎಸ್‌ನ (ಸಾಧನಗಳ ಸೆಟ್ಟಿಂಗ್ ಫೈಲ್‌ಗಳ ಜಾಗ) ಪವರ್ ಫೋಲ್ಡರ್‌ನಲ್ಲಿ ಕಂಟ್ರೋಲ್ ಅನ್ನುವ ಫೈಲ್‌ಗೆ ಡೀಬಗ್ ಮಾಡುವಾಗ "ಆನ್" ಬರೆದು, ಆ ಸ್ಕ್ರಿಪ್ಟ್ ಅನ್ನು ಹಾಗೆಯೇ ಗ್ರಾಹಕರ ಇಮೇಜ್‌ಗೆ ಸೇರಿಸಿದವರನ್ನೂ ನೋಡಿದ್ದೇನೆ. "ಆನ್" ಇದ್ದರೆ ಸಾಧನ ಯಾವತ್ತೂ ಮಲಗುವುದಿಲ್ಲ. "ಆಟೋ" ಬರೆಯಬೇಕು.

ಬಿಟ್ಟುಹೋದ ಪುಟ್ ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ಕಾಣುವುದೇ ಇಲ್ಲ. ಮಲ್ಪೆಯ ಬೋಟ್‌ಗಳಿಗೆ ಒಂದು ಪೆಟ್ಟಿಗೆ ಮಾಡಿದ ಹುಡುಗರ ತಂಡ ನನ್ನ ಹತ್ತಿರ ಬಂದಿತ್ತು. ಜಿಪಿಎಸ್, ಮೋಡೆಮ್, ಮೀನಿನ ಐಸ್ ಕೋಣೆಗೆ ಒಂದು ಉಷ್ಣತೆಯ ಸೆನ್ಸರ್. ಎಂಜಿನ್ ನಿಂತರೆ ಬ್ಯಾಟರಿಯಲ್ಲಿ ನಡೆಯಬೇಕು. ಆಫೀಸಿನ ಮೇಜಿನ ಮೇಲೆ ಬ್ಯಾಟರಿ ಚೆನ್ನಾಗಿ ಬರುತ್ತಿತ್ತು. ಬೋಟಿಗೆ ಹೋದರೆ ಬೇಗ ಖಾಲಿ. ತಂಡದ ತೀರ್ಮಾನ: ದೊಡ್ಡ ಬ್ಯಾಟರಿ ಹಾಕುವುದು. ತುಂಬ ಚುರುಕಾದ ಹುಡುಗರು, ಅದೇ ಬೇಜಾರು.

ಬೋಟ್‌ನಿಂದ ಬಿಚ್ಚಿ ತಂದ ಪೆಟ್ಟಿಗೆಯಲ್ಲಿ ರನ್‌ಟೈಮ್ ಯೂಸೇಜ್ ಎಣಿಕೆ ನೋಡಿದೆವು. ಸುಮ್ಮನೆ ಕೂತ ಐ2ಸಿ ಕಂಟ್ರೋಲರ್‌ಗೆ (ಸೆನ್ಸರ್ ಜೊತೆ ಮಾತಾಡುವ ಸಾಧನ) ಸೊನ್ನೆ ಇರಬೇಕಾಗಿತ್ತು. ನೂರು ದಾಟಿ ಏರುತ್ತಲೇ ಇತ್ತು. ಉಪ್ಪುಗಾಳಿಗೆ ಸೆನ್ಸರ್ ಕನೆಕ್ಟರ್ ಹಸಿರುಗಟ್ಟಿತ್ತು. ಆಗಾಗ ಓದಲು ಆಗುತ್ತಿರಲಿಲ್ಲ, ಟೈಮ್‌ಔಟ್. ಅವರೇ ಬರೆದ ಡ್ರೈವರ್ ಮೊದಲು ಗೆಟ್ ಕರೆದು, ಟೈಮ್‌ಔಟ್ ಆದರೆ ಪುಟ್ ಕರೆಯದೆ ನೇರ ರಿಟರ್ನ್ ಆಗುತ್ತಿತ್ತು. ಪ್ರತಿ ಸೋಲಿಗೂ ಲೆಕ್ಕ ಒಂದು ಏರುತ್ತದೆ, ಇಳಿಯುವುದಿಲ್ಲ. ಕಂಟ್ರೋಲರ್ ಮಲಗಲಿಲ್ಲ, ಅದರ ಕ್ಲಾಕ್ ನಿಲ್ಲಲಿಲ್ಲ, ಅದು ಇರುವ ಪವರ್ ಡೊಮೈನ್ (ಒಟ್ಟಿಗೆ ಪವರ್ ಹೋಗುವ ಚಿಪ್‌ನ ಭಾಗ) ಆರಲಿಲ್ಲ. ಮೇಜಿನ ಮೇಲಿನ ಹೊಸ ಕನೆಕ್ಟರ್ ಒಮ್ಮೆಯೂ ಸೋತಿರಲಿಲ್ಲ, ಹಾಗಾಗಿ ಆ ದಾರಿಯಲ್ಲಿ ಕೋಡ್ ಹೋಗಿಯೇ ಇರಲಿಲ್ಲ.

ಇನ್ನೊಂದು ಗುಂಡಿ ಇದಕ್ಕಿಂತ ಹಳೆಯದು. ಗೆಟ್ ಸಿಂಕ್ (ಸಾಧನ ಎಚ್ಚರವಾಗುವ ತನಕ ಕಾಯುವ ಗೆಟ್) ಕರೆ ಸೋತರೂ ಎಣಿಕೆ ಏರಿರುತ್ತದೆ. "ಸಿಗಲಿಲ್ಲ, ಮತ್ತೆ ವಾಪಸ್ ಎಂತದ್ದು ಕೊಡುದು" ಅನ್ನುವುದು ಲೋಕದ ನ್ಯಾಯ. ಇಲ್ಲಿ ಸಿಗದಿದ್ದರೂ ವಾಪಸ್ ಕೊಡಬೇಕು. ಎಷ್ಟು ಡ್ರೈವರ್‌ಗಳು ಇದರಲ್ಲಿ ಎಡವಿದವು ಅಂದರೆ, 2020ರಲ್ಲಿ 5.10 ಕರ್ನಲ್‌ಗೆ ರೆಸ್ಯೂಮ್ ಅಂಡ್ ಗೆಟ್ ಅಂತ ಹೊಸ ಕರೆಯನ್ನೇ ಸೇರಿಸಿದರು. ಸೋತರೆ ಅದೇ ಲೆಕ್ಕ ಇಳಿಸುತ್ತದೆ. ಹೊಸ ಕೋಡ್ ಬರೆಯುವವರು ಅದನ್ನೇ ಬಳಸಿ. ಆದರೆ ಹಳೆಯ ಡ್ರೈವರ್‌ನಲ್ಲಿ ಕಣ್ಣುಮುಚ್ಚಿ ಬದಲಾಯಿಸಬೇಡಿ. ಅಲ್ಲಿ ಸೋತಾಗ ಪುಟ್ ಕರೆಯುವ ಸಾಲು ಮೊದಲೇ ಇದ್ದರೆ ಈಗ ಲೆಕ್ಕ ಎರಡು ಸಲ ಇಳಿಯುತ್ತದೆ.

ಬೂಟ್ ಮುಗಿಯುತ್ತಿದ್ದಂತೆ ಸ್ಕ್ರೀನ್ ಕಪ್ಪಾಯಿತು ಅಂತ ಬರುವವರಿಗೂ ಇದೇ ಉತ್ತರ. ಕರ್ನಲ್‌ಗಿಂತ ಮೊದಲು ಓಡುವ ಬೂಟ್‌ಲೋಡರ್ ಹಚ್ಚಿಟ್ಟ ಕ್ಲಾಕ್ ಕರ್ನಲ್‌ನ ಲೆಕ್ಕದಲ್ಲಿ ಇರುವುದಿಲ್ಲ. ಯಾವ ಡ್ರೈವರೂ "ನನಗೆ ಬೇಕು" ಅನ್ನದಿದ್ದರೆ, ಬೂಟ್‌ನ ಕೊನೆಗೆ ಕರ್ನಲ್ ಅದನ್ನು ಆರಿಸುತ್ತದೆ. ಆಗ ಬಳಸದ ಕ್ಲಾಕ್‌ಗಳನ್ನು ಮುಟ್ಟಬೇಡ ಅನ್ನುವ ಬೂಟ್ ಪ್ಯಾರಾಮೀಟರ್ ಹಾಕುತ್ತಾರೆ. ಪತ್ತೆ ಮಾಡಲು ಹಾಕಿ, ತೊಂದರೆ ಇಲ್ಲ. ಅದರೊಂದಿಗೇ ಮಾರಾಟಕ್ಕೆ ಬಿಟ್ಟರೆ ಬೇಡದ ಕ್ಲಾಕ್‌ಗಳೂ ಓಡುತ್ತವೆ. ಆಮೇಲೆ ಬೋರ್ಡ್ ಬಿಸಿಯಾಗ್ತದೆ ಅಂತ ಮತ್ತೆ ಫೋನ್.

ಒಂದು ಎಚ್ಚರಿಕೆ. ಎಣಿಕೆ ಸೊನ್ನೆ ಅಂದ ಮಾತ್ರಕ್ಕೆ ಹಾರ್ಡ್‌ವೇರ್ ನಿಂತಿದೆ ಅಂತ ಖಾತ್ರಿ ಇಲ್ಲ. ಕೆಲವು ಕ್ಲಾಕ್‌ಗಳಿಗೆ ನಿಲ್ಲಿಸುವ ಗೇಟೇ ಇರುವುದಿಲ್ಲ, ಕೆಲವು ಫರ್ಮ್‌ವೇರ್ ಕೈಯಲ್ಲಿರುತ್ತವೆ. ಕ್ಲಾಕ್ ನಿಂತರೂ ಲೀಕೇಜ್ (ಸೋರುವ) ಕರೆಂಟ್ ನಿಲ್ಲುವುದಿಲ್ಲ, ಅದಕ್ಕೆ ಪವರ್ ಡೊಮೈನ್ ಆರಬೇಕು. ಹಾಗಾಗಿ ನನಗೆ ಫೋನ್ ಮಾಡುವ ಮೊದಲು ಕ್ಲಾಕ್ ಸಮ್ಮರಿ, ಸಾಧನದ ರನ್‌ಟೈಮ್ ಸ್ಟೇಟಸ್, ಜೊತೆಗೆ ಮೀಟರ್ ಇಟ್ಟು ಅಳೆದ ಕರೆಂಟ್, ಮೂರನ್ನೂ ಕಳಿಸಿ. ಸ್ಕ್ರೀನ್‌ಶಾಟ್ ಬೇಡ, ಟೆಕ್ಸ್ಟ್ ಕಳಿಸಿ.

ಬೋಟ್ ಪೆಟ್ಟಿಗೆ ಮಾಡುವವರಿಗೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧ ಒಳ್ಳೆಯ ಸಮಯ. ಬೋಟ್‌ಗಳು ಹೇಗೂ ದಡದಲ್ಲಿರುತ್ತವೆ. ಪೆಟ್ಟಿಗೆ ಬಿಚ್ಚಿ ತನ್ನಿ, ಹೊಸ ಕನೆಕ್ಟರ್ ತೆಗೆದು ಹಸಿರುಗಟ್ಟಿದ್ದನ್ನೇ ಹಾಕಿ, ಒಂದು ರಾತ್ರಿ ಓಡಲು ಬಿಟ್ಟು ಬೆಳಿಗ್ಗೆ ಎಣಿಕೆ ನೋಡಿ.